ಹೊರಗುಳಿದವರನ್ನು ಎಣಿಸುವುದು: ಒಂದು ಕಠಿಣ ಲಾಜಿಕ್ ಗೇಮ್‌ನ ಪ್ರಕರಣ ಅಧ್ಯಯನ

ತುಮಕೂರು ನಗರದಲ್ಲಿ ಕಾನೂನು ಪದವಿಯ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳಿಗೆ ಓದುತ್ತಿರುವ ಪಿಯು ವಿದ್ಯಾರ್ಥಿಗಳ ಸಣ್ಣ ಗುಂಪೊಂದಕ್ಕೆ ನಾನು ಭಾನುವಾರಗಳಂದು ತರ್ಕದ ಪಾಠ ಹೇಳುತ್ತೇನೆ. ಆ ಗುಂಪಿನ ಒಬ್ಬ ವಿದ್ಯಾರ್ಥಿನಿ ಒಂದು ಸಮಸ್ಯೆಯ ಮುಂದೆ ಹೇಗೆ ಸಿಕ್ಕಿಕೊಂಡಳು, ಆ ಸಿಕ್ಕಿಗೆ ನಿಜವಾದ ಕಾರಣ ಯಾವುದಾಗಿತ್ತು, ಅದು ಬಿಡಿಸಿಕೊಂಡ ಮೇಲೆ ಅದೇ ಸಮಸ್ಯೆ ಎಷ್ಟು ಚಿಕ್ಕದಾಯಿತು ಎಂಬುದನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ದಾಖಲಿಸಿದ್ದೇನೆ. ಒಂದೇ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಕಠಿಣ ಲಾಜಿಕ್ ಗೇಮ್‌ಗಳಲ್ಲಿ, ಅಂದರೆ ಕೊಟ್ಟ ನಿಯಮಗಳ ಪ್ರಕಾರ ಹೆಸರುಗಳನ್ನು ಜೋಡಿಸುವ ಸಮಸ್ಯೆಗಳಲ್ಲಿ, ಸೋಲುವವರಲ್ಲಿ ಹೆಚ್ಚಿನವರು ಪ್ರಶ್ನೆಗಳ ಬಳಿ ಸೋಲುವುದಿಲ್ಲ, ಪ್ರಶ್ನೆಗಳಿಗೆ ಬರುವ ಮೊದಲೇ ಸೋತಿರುತ್ತಾರೆ ಎಂಬ ನನ್ನ ಅಭಿಪ್ರಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಸಿಕ್ಕಿಲ್ಲ.

ವಿದ್ಯಾರ್ಥಿನಿ ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ತುಮಕೂರಿನ ಹಾಸ್ಟೆಲ್‌ನಲ್ಲಿದ್ದುಕೊಂಡು ದ್ವಿತೀಯ ಪಿಯು ಓದುತ್ತಿದ್ದಾಳೆ. ಕಾನೂನಿನ ತತ್ವವೊಂದನ್ನು ಕೊಟ್ಟು ಅದನ್ನು ಘಟನೆಗೆ ಅನ್ವಯಿಸುವ ಪ್ರಶ್ನೆಗಳಲ್ಲಿ ಆಕೆ ಗುಂಪಿನಲ್ಲೇ ಮುಂದೆ. ಆದರೆ ಜನರನ್ನೋ ದಿನಗಳನ್ನೋ ಊರುಗಳನ್ನೋ ನಿಯಮಗಳ ಪ್ರಕಾರ ಜೋಡಿಸುವ ಸಮಸ್ಯೆ ಬಂದರೆ ಸಮಯವೆಲ್ಲ ಅಲ್ಲಿಯೇ ಕರಗಿಹೋಗುತ್ತಿತ್ತು.

ಈ ಬಗೆಯ ಸಮಸ್ಯೆಗಳಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದು ಅಮೆರಿಕದ ಕಾನೂನು ಶಾಲೆಗಳ ಪ್ರವೇಶಕ್ಕೆ ನಡೆಯುವ ಎಲ್‌ಸ್ಯಾಟ್ ಪರೀಕ್ಷೆ. 1948ರಲ್ಲಿ ಆರಂಭವಾದ ಆ ಪರೀಕ್ಷೆಗೆ 1982ರಲ್ಲಿ ‘ಅನಲಿಟಿಕಲ್ ರೀಸನಿಂಗ್’ ವಿಭಾಗ ಸೇರಿತು. ವಿದ್ಯಾರ್ಥಿಗಳ ಬಾಯಲ್ಲಿ ಅದೇ ಲಾಜಿಕ್ ಗೇಮ್ಸ್ ಆಯಿತು. 35 ನಿಮಿಷಗಳಲ್ಲಿ ನಾಲ್ಕು ಗೇಮ್‌ಗಳು, ಅಂದರೆ ಒಂದೊಂದಕ್ಕೆ ಸುಮಾರು ಎಂಟೂಮುಕ್ಕಾಲು ನಿಮಿಷ. ಚಿತ್ರ ಬರೆದುಕೊಂಡು ಬಿಡಿಸಬೇಕಾದ ಈ ವಿಭಾಗ ದೃಷ್ಟಿಹೀನ ಅಭ್ಯರ್ಥಿಗಳಿಗೆ ಅನ್ಯಾಯ ಮಾಡುತ್ತದೆ ಎಂಬ ವ್ಯಾಜ್ಯ 2019ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ಅದರ ಫಲವಾಗಿ 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ಗೇಮ್‌ಗಳಿಲ್ಲ. ಆ ನಿರ್ಧಾರ ನ್ಯಾಯವಾದದ್ದು ಎಂದೇ ನಾನು ಭಾವಿಸುತ್ತೇನೆ. ನಮ್ಮಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯ ತರ್ಕ ವಿಭಾಗ 2020ರಿಂದ ಗದ್ಯಭಾಗ ಆಧಾರಿತವಾಗಿದೆ. ಆದರೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐಲೆಟ್ ಪರೀಕ್ಷೆಯಲ್ಲಿ 150 ಪ್ರಶ್ನೆಗಳ ಪೈಕಿ 70 ತರ್ಕಕ್ಕೇ ಮೀಸಲಾಗಿದ್ದು, ಜೋಡಣೆಯ ಸಮಸ್ಯೆಗಳಿಗೆ ಅಲ್ಲಿ ಈಗಲೂ ಜಾಗವಿದೆ. ವಿದ್ಯಾರ್ಥಿನಿಯ ಕಣ್ಣು ಇದ್ದದ್ದು ಆ ಪರೀಕ್ಷೆಯ ಮೇಲೆ. ಅಭ್ಯಾಸಕ್ಕೆ ಮಾತ್ರ ನಾನು ಹಳೆಯ ಎಲ್‌ಸ್ಯಾಟ್ ಮಾದರಿಯನ್ನೇ ಬಳಸುತ್ತೇನೆ, ಏಕೆಂದರೆ ನಿಯಮಗಳ ಒಳಗೆ ಅಡಗಿರುವ ನಿಯಮವನ್ನು ಹುಡುಕಿಸುವ ಶಿಸ್ತು ಅಲ್ಲಿರುವಷ್ಟು ಬೇರೆ ಕಡೆ ಇಲ್ಲ.

ಸಮಸ್ಯೆ

ಆ ಮಾದರಿಯಲ್ಲಿ, ನಮ್ಮ ಜಿಲ್ಲೆಯ ಹೆಸರುಗಳನ್ನಿಟ್ಟು ನಾನು ರಚಿಸಿದ ಗೇಮ್ ಇದು. ಗುಬ್ಬಿ, ತಿಪಟೂರು, ಸಿರಾ, ಪಾವಗಡ, ಮಧುಗಿರಿ, ಕುಣಿಗಲ್, ಕೊರಟಗೆರೆ ಎಂಬ ಏಳು ತಾಲ್ಲೂಕುಗಳ ಪೈಕಿ ಸರಿಯಾಗಿ ಐದರಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ, ಕಾನೂನು ನೆರವು ಶಿಬಿರ ನಡೆಯಬೇಕು. ನಿಯಮಗಳು ಹೀಗಿವೆ:

1. ಗುಬ್ಬಿ ಮತ್ತು ಸಿರಾ ಪೈಕಿ ಸರಿಯಾಗಿ ಒಂದು ಆಯ್ಕೆಯಾಗುತ್ತದೆ.
2. ಪಾವಗಡ ಆಯ್ಕೆಯಾದರೆ, ಅದರ ಹಿಂದಿನ ದಿನವೇ ಮಧುಗಿರಿಯಲ್ಲಿ ಶಿಬಿರ ನಡೆದಿರಬೇಕು.
3. ಕುಣಿಗಲ್ ಆಯ್ಕೆಯಾದರೆ, ಅದರ ಶಿಬಿರ ಸೋಮವಾರ ಇಲ್ಲವೇ ಶುಕ್ರವಾರ.
4. ಸಿರಾ ಆಯ್ಕೆಯಾದರೆ, ಅದರ ಶಿಬಿರ ಬುಧವಾರ.
5. ಸಿರಾ ಆಯ್ಕೆಯಾದರೆ, ಕೊರಟಗೆರೆ ಆಯ್ಕೆಯಾಗುವುದಿಲ್ಲ.
6. ತಿಪಟೂರು, ಮಧುಗಿರಿ ಎರಡೂ ಆಯ್ಕೆಯಾದರೆ, ಮಧುಗಿರಿಯ ಶಿಬಿರ ಮೊದಲು.
7. ಕೊರಟಗೆರೆ, ಗುಬ್ಬಿ ಎರಡೂ ಆಯ್ಕೆಯಾದರೆ, ಕೊರಟಗೆರೆಯ ಶಿಬಿರ ಮೊದಲು.

ಪ್ರಶ್ನೆಗಳು ಐದು. ಮೊದಲನೆಯದು, ಕೊಟ್ಟಿರುವ ಐದು ಪಟ್ಟಿಗಳಲ್ಲಿ ಯಾವುದು ಸಾಧ್ಯ ಎಂಬುದು. ಎರಡನೆಯದು, ಪ್ರತಿಯೊಂದು ಸಾಧ್ಯ ಪಟ್ಟಿಯಲ್ಲೂ ಇರಲೇಬೇಕಾದ ತಾಲ್ಲೂಕು ಯಾವುದು ಎಂಬುದು. ಮೂರನೆಯದು, ಗುಬ್ಬಿಯ ಶಿಬಿರ ಸೋಮವಾರವಾದರೆ ಪಾವಗಡದ ಶಿಬಿರ ಯಾವ ದಿನ ಎಂಬುದು. ನಾಲ್ಕನೆಯದು, ಕೊರಟಗೆರೆಯ ಶಿಬಿರ ಗುರುವಾರವಾದರೆ ಖಂಡಿತವಾಗಿ ಸತ್ಯವಾಗುವ ಹೇಳಿಕೆ ಯಾವುದು ಎಂಬುದು. ಐದನೆಯದರಲ್ಲಿ, ಐದನೇ ನಿಯಮವನ್ನು ತೆಗೆದುಹಾಕಿ ಅದರ ಬದಲಿಗೆ ಯಾವ ನಿಯಮವನ್ನಿಟ್ಟರೆ ಪರಿಣಾಮ ಕೂದಲೆಳೆಯಷ್ಟೂ ಬದಲಾಗುವುದಿಲ್ಲ ಎಂದು ಕೇಳಲಾಗಿತ್ತು. ಕೊಟ್ಟ ಸಮಯ ಎಂಟೂಮುಕ್ಕಾಲು ನಿಮಿಷ.

ಓದುಗರು ಮುಂದಕ್ಕೆ ಹೋಗುವ ಮೊದಲು ಕಾಗದ ಹಿಡಿದು ಒಮ್ಮೆ ಪ್ರಯತ್ನಿಸಿದರೆ ಉಳಿದ ಭಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲ ಯತ್ನ

ವಿದ್ಯಾರ್ಥಿನಿ ಐದು ಮನೆಗಳ ಒಂದು ಸಾಲನ್ನು ಎಳೆದು, ನಿಯಮಗಳನ್ನು ಸಂಕ್ಷಿಪ್ತ ಚಿಹ್ನೆಗಳಲ್ಲಿ ಬರೆದುಕೊಂಡು, ಒಂದು ನಿಮಿಷದೊಳಗೆ ಪ್ರಶ್ನೆಗಳಿಗೆ ಇಳಿದಳು. ನೋಡುವವರಿಗೆ ಇದು ಚುರುಕುತನವಾಗಿ ಕಾಣುತ್ತದೆ. ಆಮೇಲೆ ಏನಾಯಿತು ಎಂಬುದನ್ನು ಆಕೆಯ ಕಚ್ಚಾ ಹಾಳೆ ಪೂರ್ತಿಯಾಗಿ ಹೇಳುತ್ತದೆ.

ಮೊದಲ ಪ್ರಶ್ನೆಯ ಸರಿಯುತ್ತರ ‘ಮಧುಗಿರಿ, ಪಾವಗಡ, ಕೊರಟಗೆರೆ, ಗುಬ್ಬಿ, ಕುಣಿಗಲ್’ ಎಂಬ ಪಟ್ಟಿ. ಆಕೆ ಅದನ್ನು ಮೊದಲೇ ಹೊಡೆದುಹಾಕಿದ್ದಳು. ಉಳಿದ ನಾಲ್ಕೂ ಒಂದಲ್ಲ ಒಂದು ನಿಯಮ ಮುರಿಯುತ್ತಿದ್ದುದರಿಂದ ಗೊಂದಲಗೊಂಡು, ಕಡಿಮೆ ತಪ್ಪೆಂದು ತೋರಿದ ಒಂದನ್ನು ಆರಿಸಿದ್ದಳು. ಎರಡನೆಯದನ್ನು ಬಿಟ್ಟು ಮುಂದೆ ಹೋಗಿದ್ದಳು. ಮೂರನೆಯದಕ್ಕೆ ಬುಧವಾರ ಎಂಬ ಸರಿಯುತ್ತರ ಬರೆದಿದ್ದರೂ, ಅದೊಂದೇ ಉತ್ತರ ಎಂದು ಖಚಿತಪಡಿಸಿಕೊಳ್ಳಲು ಹಾಳೆಯ ಅರ್ಧ ಭಾಗವನ್ನು ತುಂಬಿಸಿದ್ದಳು. ನಾಲ್ಕನೆಯದರ ಪಕ್ಕದಲ್ಲಿ ‘ಪ್ರಶ್ನೆ ತಪ್ಪಾಗಿದೆ’ ಎಂದು ಬರೆದಿತ್ತು. ಐದನೆಯದನ್ನು ಓದುವಷ್ಟರಲ್ಲಿ ಸಮಯ ಮುಗಿದಿತ್ತು.

ನನ್ನ ಗಮನವನ್ನು ಹಿಡಿದಿಟ್ಟದ್ದು ಆ ನಾಲ್ಕನೆಯ ಪ್ರಶ್ನೆ. ಆಕೆಯ ಕೆಲಸ ಹೀಗಿತ್ತು: ಕೊರಟಗೆರೆ ಗುರುವಾರ, ಮಧುಗಿರಿ ಅದರ ನಂತರ ಬರಬೇಕು, ಆದ್ದರಿಂದ ಶುಕ್ರವಾರ, ಗುಬ್ಬಿಯೂ ನಂತರ ಬರಬೇಕು, ಅದಕ್ಕೆ ಜಾಗವಿಲ್ಲ, ಗುಬ್ಬಿಯನ್ನು ಬಿಟ್ಟರೆ ಸಿರಾ ಬರುತ್ತದೆ, ಸಿರಾ ಬಂದರೆ ಕೊರಟಗೆರೆ ಇರುವಂತಿಲ್ಲ. ಸರಪಳಿಯ ಒಂದೊಂದು ಕೊಂಡಿಯೂ ಗಟ್ಟಿಯಾಗಿದೆ, ಒಂದನ್ನು ಬಿಟ್ಟು. ಕೊರಟಗೆರೆಯ ನಂತರವೇ ಮಧುಗಿರಿ ಬರಬೇಕೆಂದು ಯಾವ ನಿಯಮ ಹೇಳಿದೆ? ಯಾವುದೂ ಹೇಳಿಲ್ಲ. ಹಾಗೆ ಹೇಳಿದ್ದು ರಸ್ತೆ. ತುಮಕೂರಿನಿಂದ ಹೊರಟ ಬಸ್ಸು ಕೊರಟಗೆರೆ ದಾಟಿ ಮಧುಗಿರಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಪಾವಗಡಕ್ಕೆ. ರಜೆ ಬಂದಾಗಲೆಲ್ಲ ಅದೇ ದಾರಿಯಲ್ಲಿ ಊರಿಗೆ ಹೋಗುವ ಹುಡುಗಿಗೆ ಎರಡನೇ ನಿಯಮದಲ್ಲಿ ‘ಮಧುಗಿರಿಯಾದ ಮರುದಿನ ಪಾವಗಡ’ ಎಂದು ಓದಿದ ಕೂಡಲೇ ಇಡೀ ದಾರಿ ಮನಸ್ಸಿಗೆ ಬಂದಿದೆ, ಕೊರಟಗೆರೆ ತಾನಾಗಿಯೇ ಮುಂದೆ ನಿಂತಿದೆ. ಮೊದಲ ಪ್ರಶ್ನೆಯ ಸರಿಯುತ್ತರವನ್ನು ಹೊಡೆದುಹಾಕಿದ್ದಕ್ಕೂ ಇದೇ ಕಾರಣ: ಆ ಪಟ್ಟಿಯಲ್ಲಿ ಕೊರಟಗೆರೆ ಮಧುಗಿರಿಯ ನಂತರವಿತ್ತು.

ಪರಿಚಿತ ಹೆಸರುಗಳನ್ನಿಟ್ಟು ಗೇಮ್ ರಚಿಸುವುದರ ಅಪಾಯವೂ ಪ್ರಯೋಜನವೂ ಇದೇ. ಅಪರಿಚಿತ ಹೆಸರುಗಳಿದ್ದಾಗ ಈ ದೋಷ ಬೇರೆ ವೇಷದಲ್ಲಿ ಬರುತ್ತದೆ: ಪಟ್ಟಿಯಲ್ಲಿ ಮೊದಲು ಬಂದ ಹೆಸರು ಮೊದಲ ಸ್ಥಾನಕ್ಕೆ ಹೋಗಬೇಕೆಂದು ಕೈ ತಾನಾಗಿಯೇ ಬರೆದುಬಿಡುತ್ತದೆ, ‘ಮೊದಲು’ ಎಂದು ಹೇಳಿದ್ದನ್ನು ‘ಕೂಡಲೇ ಮೊದಲು’ ಎಂದು ಕಣ್ಣು ಓದಿಬಿಡುತ್ತದೆ. ಪ್ರಶ್ನೆಯೊಂದು ಅಸಾಧ್ಯ ಎಂದು ಕಂಡಾಗ ಪ್ರಶ್ನೆಯನ್ನು ಅನುಮಾನಿಸುವ ಬದಲು ಸ್ವಂತ ಚಿತ್ರಕ್ಕೆ ಮರಳಿ, ಅಲ್ಲಿರುವ ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ‘ಇದಕ್ಕೆ ಎಷ್ಟನೇ ನಿಯಮ ಆಧಾರ’ ಎಂದು ಕೇಳುವುದನ್ನು ನಾನು ಎಲ್ಲರಿಗೂ ಕಡ್ಡಾಯ ಮಾಡಿದ್ದೇನೆ. ಆಧಾರದ ಸಂಖ್ಯೆ ಹೇಳಲಾಗದ ಗೆರೆಯನ್ನು ಅಳಿಸಲೇಬೇಕು. ವಿದ್ಯಾರ್ಥಿನಿ ಆ ಒಂದು ಗೆರೆಯನ್ನು ತಾನೇ ಕಂಡುಹಿಡಿದು ಅಳಿಸಿದಳು.

ಆದರೆ ಅದು ಹೊರಮೈಯ ಕಾರಣ. ಅದೇ ಹಾಳೆಯ ಮೂಲೆಯಲ್ಲಿ ಇನ್ನೊಂದು ಸಾಲು ಇತ್ತು. ನಾಲ್ಕನೆಯ ಪ್ರಶ್ನೆಯಲ್ಲಿ ದಾರಿ ಕಾಣದೆ ಆಕೆ ಒಮ್ಮೆ ಮಧುಗಿರಿಯನ್ನೇ ಪಟ್ಟಿಯಿಂದ ಕೈಬಿಟ್ಟು ನೋಡಿದ್ದಳು. ಮಧುಗಿರಿ ಹೋದರೆ ಪಾವಗಡವೂ ಹೋಗುತ್ತದೆ; ಸಿರಾ ಇರುವಂತಿಲ್ಲ; ಉಳಿದದ್ದು ನಾಲ್ಕೇ ತಾಲ್ಲೂಕು, ತುಂಬಬೇಕಾದದ್ದು ಐದು ದಿನ. ‘ಸಾಲುವುದಿಲ್ಲ’ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದಳು. ಬಿಟ್ಟುಹೋದ ಎರಡನೆಯ ಪ್ರಶ್ನೆಯ ಉತ್ತರ ಆ ಸಾಲಿನಲ್ಲಿಯೇ ಇತ್ತು. ಕೇವಲ ಉತ್ತರವಲ್ಲ, ಇಡೀ ಗೇಮ್‌ನ ಕೀಲಿಕೈಯೇ ಅಲ್ಲಿತ್ತು. ಒಂದು ಪ್ರಶ್ನೆಯ ಒಳಗೆ, ಆಕಸ್ಮಿಕವಾಗಿ ಕೈಗೆ ಬಂದದ್ದರಿಂದ ಅದರ ಬೆಲೆ ಆಕೆಗೆ ತಿಳಿಯಲಿಲ್ಲ.

ಎಣಿಕೆ

ಮುಂದಿನ ಭಾನುವಾರ ಅದೇ ಗೇಮ್ ಅನ್ನು ಸಮಯದ ಮಿತಿಯಿಲ್ಲದೆ ಮತ್ತೆ ತೆಗೆದುಕೊಂಡೆವು. ಪ್ರಶ್ನೆಗಳಿದ್ದ ಭಾಗವನ್ನು ಮಡಚಿಟ್ಟು, ನಿಯಮಗಳನ್ನು ಮಾತ್ರ ಎದುರಿಗಿಟ್ಟು, ನಾನು ಕೇಳಿದ್ದು ಒಂದೇ: ಹೊರಗೆ ಉಳಿಯುವವರು ಎಷ್ಟು?

ಏಳರಲ್ಲಿ ಐದು ಒಳಗೆ, ಎರಡು ಹೊರಗೆ. ಗುಬ್ಬಿ, ಸಿರಾ ಪೈಕಿ ಒಂದು ಒಳಗೆ ಬರುವುದರಿಂದ ಇನ್ನೊಂದು ಹೊರಗೆ ಉಳಿಯುತ್ತದೆ. ಹಾಗಾದರೆ ಹೊರಗಿನ ಎರಡು ಸ್ಥಾನಗಳಲ್ಲಿ ಒಂದು ಈಗಾಗಲೇ ಭರ್ತಿಯಾಯಿತು. ತಿಪಟೂರು, ಪಾವಗಡ, ಮಧುಗಿರಿ, ಕುಣಿಗಲ್, ಕೊರಟಗೆರೆ ಎಂಬ ಉಳಿದ ಐದರಲ್ಲಿ ಹೊರಗೆ ಹೋಗಬಹುದಾದದ್ದು, ಹೋಗಲೇಬೇಕಾದದ್ದು, ಒಂದೇ ಒಂದು. ಈ ಮಾತನ್ನು ಏಳು ನಿಯಮಗಳಲ್ಲಿ ಯಾವುದೂ ಹೇಳುವುದಿಲ್ಲ. ಮೊದಲ ನಿಯಮ ಮತ್ತು ‘ಸರಿಯಾಗಿ ಐದು’ ಎಂಬ ಪೀಠಿಕೆಯ ಮಾತು ಸೇರಿ ಅದನ್ನು ಹುಟ್ಟಿಸುತ್ತವೆ. ವಿದ್ಯಾರ್ಥಿಗಳು ಪೀಠಿಕೆಯನ್ನು ಕಥೆಯೆಂದು ಓದುತ್ತಾರೆ, ನಿಯಮಗಳನ್ನು ಮಾತ್ರ ನಿಯಮವೆಂದು ಓದುತ್ತಾರೆ. ಕಠಿಣ ಗೇಮ್‌ಗಳಲ್ಲಿ ಅತಿ ಬಲವಾದ ನಿಯಮ ಪೀಠಿಕೆಯಲ್ಲಿರುವ ಸಂಖ್ಯೆಯೇ ಎಂಬುದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು.

ಇಲ್ಲಿಂದ ಮುಂದಿನದು ತಾನಾಗಿಯೇ ಬಿಚ್ಚಿಕೊಂಡಿತು. ಮಧುಗಿರಿ ಹೊರಗೆ ಹೋದರೆ ಪಾವಗಡವನ್ನೂ ಎಳೆದುಕೊಂಡು ಹೋಗುತ್ತದೆ; ಆಗ ಹೊರಗೆ ಹೋದದ್ದು ಎರಡಾಗುತ್ತದೆ; ಅದಕ್ಕೆ ಅವಕಾಶವಿಲ್ಲ. ಆದ್ದರಿಂದ ಮಧುಗಿರಿ ಎಲ್ಲ ಪಟ್ಟಿಗಳಲ್ಲೂ ಇದೆ. ಹಿಂದಿನ ವಾರ ‘ಸಾಲುವುದಿಲ್ಲ’ ಎಂದು ಬರೆದದ್ದು ಇದನ್ನೇ ಎಂದು ವಿದ್ಯಾರ್ಥಿನಿ ಕೂಡಲೇ ಗುರುತಿಸಿದಳು. ಮಧುಗಿರಿ ಸದಾ ಇರುವುದರಿಂದ ಆರನೇ ನಿಯಮದ ‘ಎರಡೂ ಆಯ್ಕೆಯಾದರೆ’ ಎಂಬ ಷರತ್ತು ಅರ್ಧ ಕಳಚಿಬಿತ್ತು: ತಿಪಟೂರು ಇದ್ದರೆ ಅದು ಮಧುಗಿರಿಯ ನಂತರವೇ, ಹಾಗಾಗಿ ಸೋಮವಾರ ಎಂದೂ ಅಲ್ಲ. ಪಾವಗಡವೂ ಇದ್ದರೆ ತಿಪಟೂರು ಬುಧವಾರಕ್ಕಿಂತ ಮೊದಲು ಬರಲಾರದು.

ಈಗ ಸಿರಾ ಇರುವ ಲೋಕವನ್ನು ನೋಡೋಣ. ಸಿರಾ ಇದ್ದರೆ ಕೊರಟಗೆರೆ ಹೊರಗೆ. ಹೊರಗೆ ಹೋಗಲು ಇದ್ದ ಒಂದೇ ಸ್ಥಾನ ಕೊರಟಗೆರೆಗೆ ಹೋಯಿತು. ಆದ್ದರಿಂದ ತಿಪಟೂರು, ಪಾವಗಡ, ಮಧುಗಿರಿ, ಕುಣಿಗಲ್ ನಾಲ್ಕೂ ಒಳಗೆ. ಸಿರಾ ಬುಧವಾರ ನಿಂತಿದೆ. ಮಧುಗಿರಿ–ಪಾವಗಡ ಜೋಡಿಗೆ ಅಕ್ಕಪಕ್ಕದ ಎರಡು ದಿನ ಬೇಕು: ಸೋಮ–ಮಂಗಳ ಇಲ್ಲವೇ ಗುರು–ಶುಕ್ರ. ಗುರು–ಶುಕ್ರವಾದರೆ ಅದರ ನಂತರ ಬರಬೇಕಾದ ತಿಪಟೂರಿಗೆ ದಿನವೇ ಉಳಿಯುವುದಿಲ್ಲ. ಹಾಗಾಗಿ ಸೋಮವಾರ ಮಧುಗಿರಿ, ಮಂಗಳವಾರ ಪಾವಗಡ. ಸೋಮವಾರ ತುಂಬಿದ್ದರಿಂದ ಕುಣಿಗಲ್ ಶುಕ್ರವಾರ, ಉಳಿದ ಗುರುವಾರ ತಿಪಟೂರು. ಏಳು ನಿಯಮಗಳ ಗೇಮ್‌ನ ಅರ್ಧ ಭಾಗ ಒಂದೇ ಒಂದು ಪಟ್ಟಿಯಾಗಿ ಗಟ್ಟಿಯಾಯಿತು: ಮಧುಗಿರಿ, ಪಾವಗಡ, ಸಿರಾ, ತಿಪಟೂರು, ಕುಣಿಗಲ್.

ಇದನ್ನು ಬರೆದು ಮುಗಿಸಿದಾಗ ವಿದ್ಯಾರ್ಥಿನಿ ಹಾಳೆಯನ್ನು ಮತ್ತೆ ಮತ್ತೆ ನೋಡಿದಳು. ನಿಯಮಗಳು ಅವೇ ಆಗಿದ್ದವು, ಹೊಸದಾಗಿ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಇನ್ನೊಂದನ್ನೂ ಇಲ್ಲಿ ಗಮನಿಸಬೇಕು. ಹೊರಗುಳಿಯುವವರ ಎಣಿಕೆಗೆ ಯಾವ ಚಿತ್ರವೂ ಬೇಕಾಗಲಿಲ್ಲ; ಅದನ್ನು ಬಾಯಲ್ಲಿ ಹೇಳಿಕೊಂಡೇ ಮುಗಿಸಿದೆವು. ಅಂದವಾದ ಚಿತ್ರ ಬರೆಯುವುದೇ ಲಾಜಿಕ್ ಗೇಮ್‌ನ ವಿದ್ಯೆ ಎಂಬ ತಿಳಿವಳಿಕೆ ತರಬೇತಿಯ ಲೋಕದಲ್ಲಿ ಗಟ್ಟಿಯಾಗಿದೆ. ಚಿತ್ರ ನೆನಪಿಗೆ ಆಸರೆ ಮಾತ್ರ. ತೀರ್ಮಾನ ಹುಟ್ಟುವುದು ಒಂದು ನಿಯಮವನ್ನು ಇನ್ನೊಂದರ ಎದುರಿಗೆ ತಂದು ನಿಲ್ಲಿಸಿದಾಗ.

ಎಲ್ಲಿ ಒಡೆಯಬೇಕು, ಎಲ್ಲಿ ನಿಲ್ಲಬೇಕು

ಗುಬ್ಬಿ ಇರುವ ಲೋಕ ಅಷ್ಟು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. ಅಲ್ಲಿ ಸಿರಾದ ಜೊತೆಗೆ ತಿಪಟೂರು, ಪಾವಗಡ, ಕುಣಿಗಲ್, ಕೊರಟಗೆರೆಗಳಲ್ಲಿ ಯಾವುದಾದರೂ ಒಂದು ಹೊರಗಿರುತ್ತದೆ. ತಿಪಟೂರು ಹೊರಗಿದ್ದರೆ 6 ಪಟ್ಟಿಗಳು, ಪಾವಗಡ ಹೊರಗಿದ್ದರೆ 12, ಕುಣಿಗಲ್ ಹೊರಗಿದ್ದರೆ 6, ಕೊರಟಗೆರೆ ಹೊರಗಿದ್ದರೆ 6, ಒಟ್ಟು 30. ಸಿರಾ ಲೋಕದ ಒಂದನ್ನು ಸೇರಿಸಿದರೆ ಇಡೀ ಗೇಮ್‌ಗೆ 31 ಪಟ್ಟಿಗಳು.

ಸಿರಾ ಲೋಕದ ರುಚಿ ಹತ್ತಿದ ವಿದ್ಯಾರ್ಥಿನಿ ಈ 30ನ್ನೂ ಬರೆಯಲು ಹೊರಟಳು. ನಾನು ತಡೆದೆ. ಎಲ್ಲ ಸಾಧ್ಯತೆಗಳನ್ನೂ ಬರೆದಿಟ್ಟುಕೊಂಡು ಪ್ರಶ್ನೆಗಳಿಗೆ ಹೋಗಿ ಎಂದು ಬೋಧಿಸುವವರಿದ್ದಾರೆ; ಎಂಟೂಮುಕ್ಕಾಲು ನಿಮಿಷದ ಮಿತಿಯಲ್ಲಿ ಆ ಬೋಧನೆ ಹಾನಿಯನ್ನೇ ಮಾಡುತ್ತದೆ. ಗೇಮ್ ಅನ್ನು ಎರಡು ಲೋಕಗಳಾಗಿ ಒಡೆಯುವುದು ಸಾರ್ಥಕವಾಗುವುದು, ಒಡೆದ ತುಂಡುಗಳಲ್ಲಿ ಒಂದಾದರೂ ಬೇಗ ಗಟ್ಟಿಯಾಗುವಂತಿದ್ದರೆ ಮಾತ್ರ. ಗುಬ್ಬಿ–ಸಿರಾ ವಿಭಜನೆಗೆ ಆ ಗುಣವಿತ್ತು, ಏಕೆಂದರೆ ಸಿರಾದ ಹೆಸರು ಮೂರು ನಿಯಮಗಳಲ್ಲಿ ಬರುತ್ತದೆ. ಅದರ ಬದಲು ಕುಣಿಗಲ್ ಸೋಮವಾರವೋ ಶುಕ್ರವಾರವೋ ಎಂದು ಒಡೆದಿದ್ದರೆ ಎರಡು ಸಡಿಲ ತುಂಡುಗಳು ಸಿಗುತ್ತಿದ್ದವು, ಜೊತೆಗೆ ಕುಣಿಗಲ್ ಇಲ್ಲವೇ ಇಲ್ಲ ಎಂಬ ಮೂರನೆಯ ತುಂಡು ಮರೆತುಹೋಗುತ್ತಿತ್ತು. ಹೆಚ್ಚು ನಿಯಮಗಳಲ್ಲಿ ಕಾಣಿಸಿಕೊಳ್ಳುವ ಹೆಸರಿನ ಮೇಲೆ ಒಡೆಯಿರಿ, ಒಂದು ತುಂಡು ಮುಚ್ಚಿಕೊಂಡ ಕೂಡಲೇ ಒಡೆಯುವುದನ್ನು ನಿಲ್ಲಿಸಿ ಎಂಬುದು ಈ ಪ್ರಕರಣದಿಂದ ನಾವು ಬರೆದಿಟ್ಟುಕೊಂಡ ಸೂತ್ರ. ಗುಬ್ಬಿ ಲೋಕಕ್ಕೆ ‘ನಾಲ್ಕರಲ್ಲಿ ಒಂದು ಹೊರಗೆ’ ಎಂಬ ಒಂದು ಸಾಲನ್ನು ಮಾತ್ರ ಬರೆದು, ಉಳಿದದ್ದನ್ನು ಪ್ರಶ್ನೆಗಳೇ ಹೇಳಲಿ ಎಂದು ಬಿಟ್ಟೆವು.

ಪ್ರಶ್ನೆಗಳಿಗೆ ಮರಳಿ

ಮಡಚಿದ್ದ ಹಾಳೆಯನ್ನು ಬಿಡಿಸಿದಾಗ ಎರಡನೆಯ ಪ್ರಶ್ನೆ ಆಗಲೇ ಮುಗಿದಿತ್ತು. ಮೂರನೆಯದಕ್ಕೆ ಆಕೆ ಈ ಬಾರಿ ಒಂದೂ ಪರೀಕ್ಷಾ ಪಟ್ಟಿ ಬರೆಯಲಿಲ್ಲ. ಗುಬ್ಬಿ ಸೋಮವಾರ, ಕೊರಟಗೆರೆ ಇದ್ದರೆ ಗುಬ್ಬಿಗಿಂತ ಮೊದಲು ಬರಬೇಕು, ಸೋಮವಾರಕ್ಕಿಂತ ಮೊದಲು ದಿನವಿಲ್ಲ, ಆದ್ದರಿಂದ ಕೊರಟಗೆರೆ ಹೊರಗೆ, ಹೊರಗಿನ ಸ್ಥಾನ ಮುಗಿಯಿತು, ಹಾಗಾಗಿ ಉಳಿದ ನಾಲ್ಕೂ ಒಳಗೆ, ಕುಣಿಗಲ್‌ಗೆ ಶುಕ್ರವಾರ ಮಾತ್ರ ಉಳಿದಿದೆ, ನಡುವಿನ ಮೂರು ದಿನಗಳಲ್ಲಿ ಮಧುಗಿರಿ, ಪಾವಗಡ, ತಿಪಟೂರು ಅದೇ ಕ್ರಮದಲ್ಲಿ. ಪಾವಗಡ ಬುಧವಾರ. ಹಿಂದಿನ ವಾರ ಅರ್ಧ ಹಾಳೆ ತಿಂದ ಅದೇ ಉತ್ತರಕ್ಕೆ ಈಗ ಒಂದು ಸಾಲು ಸಾಕಾಯಿತು, ಮತ್ತು ಅದೊಂದೇ ಉತ್ತರ ಎಂಬ ಖಚಿತತೆಯೂ ಜೊತೆಗೇ ಬಂತು.

ನಾಲ್ಕನೆಯದು, ‘ತಪ್ಪಾಗಿದೆ’ ಎಂದು ತಳ್ಳಿಹಾಕಿದ್ದ ಪ್ರಶ್ನೆ. ಕೊರಟಗೆರೆ ಇದೆ ಎಂದರೆ ಸಿರಾ ಇಲ್ಲ, ಗುಬ್ಬಿ ಇದೆ. ಕೊರಟಗೆರೆ ಗುರುವಾರವಾದರೆ ಗುಬ್ಬಿ ಶುಕ್ರವಾರ. ಮೊದಲ ಮೂರು ದಿನಗಳಿಗೆ ಮಧುಗಿರಿ ಮತ್ತು ತಿಪಟೂರು, ಪಾವಗಡ, ಕುಣಿಗಲ್ ಪೈಕಿ ಎರಡು. ತಿಪಟೂರು ಇಲ್ಲದಿದ್ದರೆ ಕುಣಿಗಲ್, ಮಧುಗಿರಿ, ಪಾವಗಡ. ಪಾವಗಡ ಇಲ್ಲದಿದ್ದರೆ ಕುಣಿಗಲ್, ಮಧುಗಿರಿ, ತಿಪಟೂರು. ಕುಣಿಗಲ್ ಇಲ್ಲದಿದ್ದರೆ ಮಧುಗಿರಿ, ಪಾವಗಡ, ತಿಪಟೂರು. ಮೂರೇ ಪಟ್ಟಿ. ಮೂರರಲ್ಲೂ ಮಧುಗಿರಿಯ ಶಿಬಿರ ಬುಧವಾರಕ್ಕಿಂತ ಮೊದಲು ನಡೆಯುತ್ತದೆ, ಸರಿಯುತ್ತರ ಅದೇ. ಇಂಥ ಕಡೆ, ಸಾಧ್ಯತೆಗಳು ಮೂರಕ್ಕೆ ಇಳಿದಾಗ, ಎಲ್ಲವನ್ನೂ ಬರೆದುಬಿಡುವುದು ತಪ್ಪಲ್ಲ, ಬರೆಯುವುದೇ ಸರಿ.

ಐದನೆಯದು ನಿಜವಾಗಿ ಕಠಿಣ. ‘ಸಿರಾ ಆಯ್ಕೆಯಾದರೆ ಕೊರಟಗೆರೆ ಆಯ್ಕೆಯಾಗುವುದಿಲ್ಲ’ ಎಂಬುದರ ಬದಲಿಗೆ ಕೊಟ್ಟಿದ್ದ ಆಯ್ಕೆಗಳು ಇವು: (ಅ) ಸಿರಾ ಆಯ್ಕೆಯಾದರೆ ಕುಣಿಗಲ್‌ನ ಶಿಬಿರ ಶುಕ್ರವಾರ; (ಆ) ಕೊರಟಗೆರೆ ಆಯ್ಕೆಯಾಗದಿದ್ದರೆ ಸಿರಾ ಆಯ್ಕೆಯಾಗುತ್ತದೆ; (ಇ) ಗುಬ್ಬಿ ಆಯ್ಕೆಯಾದರೆ ಕೊರಟಗೆರೆಯೂ ಆಯ್ಕೆಯಾಗುತ್ತದೆ; (ಈ) ಕೊರಟಗೆರೆ ಆಯ್ಕೆಯಾದರೆ ಗುಬ್ಬಿಯೂ ಆಯ್ಕೆಯಾಗುತ್ತದೆ; (ಉ) ಸಿರಾ ಆಯ್ಕೆಯಾದರೆ ತಿಪಟೂರಿನ ಶಿಬಿರ ಗುರುವಾರ.

ವಿದ್ಯಾರ್ಥಿನಿ ತಡಮಾಡದೆ (ಅ) ಎಂದಳು. ಸಿರಾ ಲೋಕದ ಒಂದೇ ಪಟ್ಟಿಯಲ್ಲಿ ಕುಣಿಗಲ್ ಶುಕ್ರವಾರವೇ ಇದೆಯಲ್ಲ ಎಂಬುದು ಆಕೆಯ ವಾದ. ಇದೆ, ಆದರೆ ಅದು ಐದನೇ ನಿಯಮ ಇದ್ದಾಗ. ಆ ನಿಯಮವನ್ನು ತೆಗೆದು (ಅ)ವನ್ನಿಟ್ಟರೆ ‘ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆ, ಕುಣಿಗಲ್’ ಎಂಬ ಪಟ್ಟಿ ಒಳಗೆ ನುಸುಳುತ್ತದೆ. ಸಿರಾ, ಕೊರಟಗೆರೆ ಜೊತೆಯಾಗಿ ನಿಂತಿವೆ, ಯಾವ ನಿಯಮವೂ ಅದನ್ನು ತಡೆಯುವುದಿಲ್ಲ. (ಉ)ವನ್ನಿಟ್ಟರೆ ‘ಮಧುಗಿರಿ, ಪಾವಗಡ, ಸಿರಾ, ತಿಪಟೂರು, ಕೊರಟಗೆರೆ’ ನುಸುಳುತ್ತದೆ. ಮೂಲ ಗೇಮ್‌ನಲ್ಲಿ ಸತ್ಯವಾಗಿರುವುದು ಬೇರೆ, ಮೂಲ ನಿಯಮದ ಕೆಲಸವನ್ನು ಮಾಡುವುದು ಬೇರೆ. ಬದಲಿ ನಿಯಮದ ಪ್ರಶ್ನೆಗಳಲ್ಲಿ ಒಳ್ಳೆಯ ವಿದ್ಯಾರ್ಥಿಗಳು ಬೀಳುವುದು ನಿಖರವಾಗಿ ಈ ಹಳ್ಳಕ್ಕೆ. ಅದರಿಂದ ಪಾರಾಗಲು, ಹಳೆಯ ನಿಯಮ ಏನನ್ನು ತಡೆಯುತ್ತಿತ್ತು ಎಂದು ಮೊದಲು ಬರೆದುಕೊಂಡು, ಪ್ರತಿಯೊಂದು ಆಯ್ಕೆಯೂ ಅದನ್ನೆಲ್ಲ ತಡೆಯುತ್ತದೆಯೇ, ತಡೆಯಬಾರದ ಬೇರೆ ಏನನ್ನಾದರೂ ತಡೆಯುತ್ತದೆಯೇ ಎಂದು ಎರಡು ಬಾರಿ ಕೇಳಬೇಕು.

ಎರಡನೆಯ ಕೇಳಿಕೆಯಲ್ಲಿ (ಆ) ಬೀಳುತ್ತದೆ. ಸಿರಾ ಇದ್ದರೆ ಕೊರಟಗೆರೆ ಇಲ್ಲ ಎಂಬುದನ್ನು ತಿರುಗಿಸಿ, ಕೊರಟಗೆರೆ ಇಲ್ಲದಿದ್ದರೆ ಸಿರಾ ಇದೆ ಎಂದು ಹೇಳಿದಂತಾಯಿತು. ಅದು ಮೂಲ ನಿಯಮದ ವಿಲೋಮ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವರಿಗೆ ಈ ಪದ ಹೊಸದಲ್ಲ. ಪೈಥಾಗೊರಸ್ ಪ್ರಮೇಯವನ್ನು ಸಾಧಿಸಿದ ಮೇಲೂ ಅದರ ವಿಲೋಮವನ್ನು ಪ್ರತ್ಯೇಕವಾಗಿ ಸಾಧಿಸಬೇಕಾಗಿದ್ದು ಏಕೆ ಎಂದು ನಾನು ಕೇಳಿದಾಗ, ಒಂದು ಸತ್ಯವಾದ ಮಾತ್ರಕ್ಕೆ ಇನ್ನೊಂದು ಸತ್ಯವಾಗುವುದಿಲ್ಲ ಎಂದು ಆಕೆ ತಾನೇ ಹೇಳಿದಳು. ಮೂರನೆಯ ಪ್ರಶ್ನೆಯ ಪಟ್ಟಿಯಲ್ಲಿ ಕೊರಟಗೆರೆಯೂ ಇಲ್ಲ, ಸಿರಾವೂ ಇಲ್ಲ. (ಆ) ಅದನ್ನು ಅನ್ಯಾಯವಾಗಿ ಹೊರದೂಡುತ್ತದೆ. ಇನ್ನು (ಇ)ವನ್ನು ಕಾಂಟ್ರಾಪಾಸಿಟಿವ್ ಮಾಡಿದರೆ, ಅಂದರೆ ಎರಡೂ ತುದಿಗಳನ್ನು ನಿಷೇಧಿಸಿ ದಿಕ್ಕು ಬದಲಿಸಿದರೆ, ಕೊರಟಗೆರೆ ಇಲ್ಲದಿದ್ದರೆ ಗುಬ್ಬಿ ಇಲ್ಲ, ಅಂದರೆ ಸಿರಾ ಇದೆ ಎಂದಾಗುತ್ತದೆ. ಅದು (ಆ)ವೇ. ಎರಡು ಆಯ್ಕೆಗಳು ಒಂದೇ ಮಾತನ್ನು ಹೇಳುತ್ತಿದ್ದರೆ ಎರಡೂ ತಪ್ಪಾಗಿರಲೇಬೇಕು, ಏಕೆಂದರೆ ಸರಿಯುತ್ತರ ಒಂದೇ. ಈ ಗುರುತು ಕಷ್ಟದ ಪ್ರಶ್ನೆಗಳಲ್ಲಿ ಅಮೂಲ್ಯವಾದ ನಿಮಿಷವನ್ನು ಉಳಿಸುತ್ತದೆ.

ಉಳಿದ (ಈ) ಸರಿ. ಮೂಲ ನಿಯಮವನ್ನು ಕಾಂಟ್ರಾಪಾಸಿಟಿವ್ ಮಾಡಿದರೆ, ಕೊರಟಗೆರೆ ಇದ್ದರೆ ಸಿರಾ ಇಲ್ಲ. ಸಿರಾ ಇಲ್ಲ ಎಂದರೆ ಮೊದಲ ನಿಯಮದ ಪ್ರಕಾರ ಗುಬ್ಬಿ ಇದೆ. ಅಷ್ಟೇ.

ನಂತರದ ವಾರಗಳು

ವಿಧಾನ ನಿಜವಾಗಿ ಕೈಗೆ ಹತ್ತಿದೆಯೇ ಎಂಬುದನ್ನು ಅದೇ ಗೇಮ್‌ನಿಂದ ಅಳೆಯಲಾಗದು. ಮುಂದೆ ನಾನು ಕೊಟ್ಟದ್ದು ಎಂಟು ಸಾಕ್ಷಿಗಳ ಪೈಕಿ ಐವರನ್ನು ಮೂರು ದಿನಗಳಿಗೆ ಹಂಚುವ ಬೇರೆಯೇ ಆಕಾರದ ಸಮಸ್ಯೆ. ವಿದ್ಯಾರ್ಥಿನಿ ಪೀಠಿಕೆಯ ಸಂಖ್ಯೆಗಳ ಕೆಳಗೆ ಗೆರೆ ಎಳೆದು, ಹೊರಗುಳಿಯುವ ಮೂವರ ಲೆಕ್ಕದಿಂದಲೇ ಆರಂಭಿಸಿ, ಕೊಟ್ಟ ಸಮಯದೊಳಗೆ ಒಂದನ್ನು ಬಿಟ್ಟು ಉಳಿದೆಲ್ಲ ಪ್ರಶ್ನೆಗಳನ್ನು ಸರಿಯಾಗಿ ಮುಗಿಸಿದಳು. ಬಿಟ್ಟದ್ದು ಬದಲಿ ನಿಯಮದ ಪ್ರಶ್ನೆ. ಅದನ್ನು ಕೊನೆಗೆ ಉಳಿಸಿಕೊಳ್ಳಬೇಕೆಂದು ನಾನೇ ಹೇಳಿದ್ದೆ. ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ, ನಾಲ್ಕು ಖಚಿತ ಉತ್ತರಗಳ ನಂತರ ಒಂದು ಖಾಲಿ ಬಿಡುವುದು ಸೋಲಲ್ಲ.

ಮೂರನೆಯ ಗೇಮ್ ಬೇರೆ ಪಾಠ ಕಲಿಸಿತು. ಅದು ಏಳು ವಾದಗಳನ್ನು ಏಳು ಗಂಟೆಗಳಿಗೆ ಹೊಂದಿಸುವ ಶುದ್ಧ ಕ್ರಮಾಂಕನದ ಸಮಸ್ಯೆ; ಯಾರೂ ಹೊರಗುಳಿಯುವುದಿಲ್ಲ. ಆಕೆ ಅಲ್ಲಿಯೂ ಹೊರಗಿನವರನ್ನು ಹುಡುಕುತ್ತ ಆರಂಭದ ಎರಡು ನಿಮಿಷಗಳನ್ನು ಕಳೆದಳು. ಎಣಿಕೆಗೆ ಆಧಾರ ಸಿಗುವುದು ಜಾಗಗಳೂ ಹೆಸರುಗಳೂ ಸರಿಸಮ ಇಲ್ಲದಾಗ, ಇಲ್ಲವೇ ಒಂದು ಜಾಗಕ್ಕೆ ಒಂದಕ್ಕಿಂತ ಹೆಚ್ಚು ಹೆಸರು ಬರುವಂತಿದ್ದಾಗ. ಸರಿಸಮ ಇದ್ದಲ್ಲಿ ಒತ್ತಡ ಇರುವುದು ಅಂಟಿಕೊಂಡ ಜೋಡಿಗಳಲ್ಲಿ ಮತ್ತು ಉದ್ದದ ಸರಪಳಿಗಳಲ್ಲಿ: ತನಗಿಂತ ಮೊದಲು ಮೂರು ವಾದಗಳು ಬರಲೇಬೇಕಾದ ವಾದ ನಾಲ್ಕನೇ ಗಂಟೆಗಿಂತ ಮುಂಚೆ ಬರಲಾರದು ಎಂಬಂಥ ಲೆಕ್ಕಗಳಲ್ಲಿ. ಈಗ ಆಕೆ ಪೀಠಿಕೆ ಓದಿದ ಕೂಡಲೇ ಹೆಸರುಗಳ ಸಂಖ್ಯೆಯನ್ನೂ ಜಾಗಗಳ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ಬರೆಯುತ್ತಾಳೆ. ಎರಡೂ ಬೇರೆಯಾಗಿದ್ದರೆ ಎಣಿಕೆಗೆ ಹೋಗುತ್ತಾಳೆ, ಒಂದೇ ಆಗಿದ್ದರೆ ನೇರವಾಗಿ ಅತಿ ಉದ್ದದ ಸರಪಳಿಯನ್ನು ಕಟ್ಟಲು ತೊಡಗುತ್ತಾಳೆ.